ಡಬ್ಬಿಯಲ್ಲಿದ್ದ ಮುನ್ನೂರ ಹನ್ನೊಂದು ವಾಲ್ವುಗಳು

ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಬಾಟಲಿಯ ಬಾಯಿಗೆ ಒತ್ತಿ ಹಿಂಡಿ, ಮೆಮೊರಿ ಕಾರ್ಡ್ ತೂರಿಸುವ ಸೀಳಿನೊಳಗೆ ಇಳಿಸಿ ನಿಧಾನವಾಗಿ ಎಳೆದೆ. ತುದಿ ಹಸಿರಾಗಿ ಬಂತು. ಇನ್ನೊಂದು ಕಡ್ಡಿ. ಅದೂ ಹಸಿರು. ನಾಲ್ಕನೆಯದು ಹೆಚ್ಚುಕಡಿಮೆ ಬೆಳ್ಳಗೇ ಬಂದಾಗ ಅಜ್ಜನಿಗೆ ತೋರಿಸಿದೆ. ಎದುರಿನ ಸ್ಟೂಲಿನ ಮೇಲೆ ಕೂತಿದ್ದ ಅವನು ತಲೆಯಾಡಿಸಿದ. ಬಂದಾಗಿನಿಂದ ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ಕೆಲಸ ಮಾಡುವಾಗ ಮಾತಾಡುವ ಅಭ್ಯಾಸ ನಮ್ಮಿಬ್ಬರಿಗೂ ಇಲ್ಲ. ನನಗೆ ಕೆಲಸವಿಲ್ಲದಾಗಲೂ ಇಲ್ಲ.

ಅಂದು ಭಾನುವಾರ. ನಾನು ಕೆಲಸ ಮಾಡುವ ಮೊಬೈಲ್ ರಿಪೇರಿ ಅಂಗಡಿಗೆ ರಜೆ. ಅಂಗಡಿಯ ಅಣ್ಣ ಬೀಗದ ಕೈ ನನಗೇ ಕೊಟ್ಟಿದ್ದ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅಜ್ಜನ ಡಬ್ಬಿಯನ್ನು, ಅಂದರೆ ಅವನ ಹಳೆಯ ಅಂಗೈ ಕಂಪ್ಯೂಟರನ್ನು, ಮಗುಚಿ ಇಟ್ಟಿದ್ದೆ. ಎಡಗಡೆ ಅದರ ಹಿಂಬದಿಯ ಮುಚ್ಚಳ, ಪಕ್ಕದಲ್ಲಿ ಬ್ಯಾಟರಿ, ಬಾಟಲಿಯ ಬಿರಡೆಯೊಳಗೆ ನಾಲ್ಕು ಸ್ಕ್ರೂ. ಹೀಗೆ ಸಾಲಾಗಿ ಇಡುವುದನ್ನು ಅಣ್ಣ ನನಗೆ ಮೊದಲ ವಾರದಲ್ಲೇ ಕಲಿಸಿದ್ದ. ಯಾವ ಫೋನ್ ಬಂದರೂ ಮೊದಲು ಬ್ಯಾಟರಿ ತೆಗೆಯಬೇಕು, ಮಿಕ್ಕದ್ದೆಲ್ಲ ಆಮೇಲೆ. ಬ್ಯಾಟರಿ ಒಳಗಿರುವಾಗ ಸ್ಕ್ರೂಡ್ರೈವರ್ ಮುಟ್ಟಿದರೆ ಮಣಿಕಟ್ಟಿನ ಮೇಲೆ ಸ್ಕೇಲಿನ ಏಟು ಬೀಳುತ್ತಿತ್ತು. ಮೂರು ವರ್ಷದಲ್ಲಿ ನನ್ನ ಕೈ ನನ್ನನ್ನು ಕೇಳದೆಯೇ ಬ್ಯಾಟರಿ ತೆಗೆಯುವುದನ್ನು ಕಲಿತುಬಿಟ್ಟಿತ್ತು.

ಸ್ಪಿರಿಟ್ ಆರಿದ ಮೇಲೆ ಎಲ್ಲವನ್ನೂ ಜೋಡಿಸಿ, ಕಾರ್ಡ್ ತೂರಿಸಿ, ಗುಂಡಿ ಒತ್ತಿದೆ.

ಪರದೆ ಬೆಳ್ಳಗಾಯಿತು. ನಡುವೆ ಸಣ್ಣದೊಂದು ಕೂಡುವ ಗುರುತು. ಅದರ ಮೇಲೆ ಕಡ್ಡಿಯಿಂದ ಒತ್ತಿ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ಈ ಡಬ್ಬಿಯಲ್ಲಿ ನಾನು ಅಂಥದ್ದನ್ನು ಯಾವತ್ತೂ ಕಂಡಿರಲಿಲ್ಲ.

ಅಜ್ಜ ಮುಂದಕ್ಕೆ ಬಾಗಿ ನೋಡಿದ. ಅವನ ಮುಖ ಅರಳಿತು.

"ಇದು ಮೊದಲ್ನೇ ದಿನ ಬಂದಿತ್ತು," ಎಂದ. "ಆಫೀಸ್‌ನೋರು ಡಬ್ಬಿ ಕೈಗೆ ಕೊಟ್ರಲ್ಲ, ಆವತ್ತು."

ಡಬ್ಬಿಯ ಜೊತೆಗಿದ್ದ ಬರೆಯುವ ಕಡ್ಡಿಯನ್ನು ತೆಗೆದುಕೊಂಡು ಗುರುತಿನ ಮೇಲೆ ಒತ್ತಿದ. ಅದು ಮೂಲೆಗೆ ಓಡಿತು. ಅಲ್ಲಿಯೂ ಒತ್ತಿದ. ನಾಲ್ಕು ಮೂಲೆಯೂ ಮುಗಿದ ಮೇಲೆ ಪರದೆ ತೆರೆದುಕೊಂಡಿತು. ದಿನಾಂಕ, ನಾನು ಹುಟ್ಟುವುದಕ್ಕೂ ಮುಂಚಿನ ಯಾವುದೋ ವರ್ಷದ ಜನವರಿ ಒಂದು. ಟಿಪ್ಪಣಿಗಳಿರುವ ಜಾಗವನ್ನು ತೆರೆದೆ. ಒಂದೂ ಇರಲಿಲ್ಲ. ಮುಚ್ಚಿ ಮತ್ತೆ ತೆರೆದೆ.

"ಎಷ್ಟು ಬೇಗ ಓಪನ್ ಆಗ್ತಿದೆ ನೋಡು," ಎಂದ ಅಜ್ಜ. "ಕ್ಲೀನ್ ಮಾಡಿದ್ದು ಒಳ್ಳೇದಾಯ್ತು."

"ಇನ್ನೂ ಸ್ವಲ್ಪ ಕೆಲಸ ಇದೆ ಅಜ್ಜ," ಎಂದು ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿನೊಳಗೆ ಇಟ್ಟೆ. ಅವನನ್ನು ಕರೆದುಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಅವನು ಖುಷಿಯಲ್ಲಿದ್ದ.

ಅಜ್ಜ, ಅಂದರೆ ನನ್ನ ಅಮ್ಮನ ಅಪ್ಪ, ಮೂವತ್ತಾರು ವರ್ಷ ನೀರು ಬಿಡುವ ಕೆಲಸ ಮಾಡಿದವನು. ನೀರು ಸರಬರಾಜು ಕಚೇರಿಯ ವಾಲ್ವ್‌ಮನ್. ಯಾವ ಬೀದಿಗೆ ಯಾವಾಗ ನೀರು ಹೋಗಬೇಕು, ಎಲ್ಲಿ ಪೈಪ್ ಒಡೆದರೆ ಯಾವ ವಾಲ್ವ್ ಮುಚ್ಚಬೇಕು ಎನ್ನುವುದೆಲ್ಲ ಅವನದು. ವಾಲ್ವುಗಳು ರಸ್ತೆಯ ಕೆಳಗೆ ಅಂಗೈಯಗಲದ ಕಬ್ಬಿಣದ ಮುಚ್ಚಳದಡಿ ಇರುತ್ತವೆ. ರಸ್ತೆಗೆ ಹೊಸದಾಗಿ ಡಾಂಬರು ಬಿದ್ದಾಗ ಮುಚ್ಚಳ ಹೂತುಹೋಗುತ್ತದೆ. ಕಚೇರಿಯಲ್ಲಿ ನಕ್ಷೆ ಇದೆ. ಆದರೆ ಅದು ಪೈಪ್ ಎಲ್ಲಿ ಹೋಗಬೇಕಿತ್ತು ಎಂಬುದರ ನಕ್ಷೆ, ಎಲ್ಲಿ ಹೋಯಿತು ಎಂಬುದು ಅದರಲ್ಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಕಚೇರಿಯವರು ಎಲ್ಲ ವಾಲ್ವ್‌ಮನ್‌ಗಳಿಗೂ ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್ ಕೊಟ್ಟಿದ್ದರು. ಪರದೆಯ ಮೇಲೆ ಪ್ಲಾಸ್ಟಿಕ್ ಕಡ್ಡಿಯಿಂದ ಬರೆಯುವಂಥದ್ದು. ಎರಡೇ ವರ್ಷದಲ್ಲಿ ಆ ಯೋಜನೆ ನಿಂತಿತು. ಬೇರೆಯವರು ತಮ್ಮ ಡಬ್ಬಿಯನ್ನು ಬೀರುವಿಗೆ ಎಸೆದರು, ಅಜ್ಜ ಮಾತ್ರ ಬರೆಯುತ್ತ ಹೋದ. ಒಂದೊಂದು ವಾಲ್ವಿಗೆ ಒಂದೊಂದು ಪುಟ, ತನ್ನದೇ ಕೈಬರಹದಲ್ಲಿ, ಪಕ್ಕದಲ್ಲಿ ಪುಟ್ಟ ಚಿತ್ರ. ಅವನು ಓದಿ ಹೇಳಿದ ಒಂದು ಪುಟ ನನಗೆ ಬಾಯಿಪಾಠವಾಗಿತ್ತು: "ಗಡಿಯಾರದ ಅಂಗಡಿ ಮೂಲೆಯಿಂದ ಹದಿನಾಲ್ಕು ಹೆಜ್ಜೆ, ಚರಂಡಿಗೆ ಬೆನ್ನು ಹಾಕಿ. ಮುಚ್ಚಳ ಸಣ್ಣದು. ಮಿಕ್ಕವುಗಳ ಹಾಗಲ್ಲ, ಎಡಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ಒಂಬತ್ತೂವರೆ ಸುತ್ತು. ಕೊನೆಯ ಅರ್ಧ ಸುತ್ತಿಗೆ ಜೋರು ಮಾಡಬಾರದು, ಮುನಿಸಿಕೊಳ್ಳುತ್ತದೆ."

ಅಂಥ ಮುನ್ನೂರ ಹನ್ನೊಂದು ಪುಟಗಳಿದ್ದವು.

ಅಜ್ಜ ನಿವೃತ್ತನಾಗಿ ಒಂಬತ್ತು ವರ್ಷವಾಯಿತು. ಅವನ ಜಾಗಕ್ಕೆ ಬಂದವನನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಹೊಸಬ ಎಂದೇ ಕರೆಯುತ್ತೇವೆ. ಅವನ ತಲೆ ಅರ್ಧ ಬೆಳ್ಳಗಾಗಿದೆ. ವಾಲ್ವ್ ಸಿಗದಿದ್ದಾಗಲೆಲ್ಲ ಹೊಸಬ ನಮ್ಮ ಬಾಗಿಲಿಗೆ ಬರುತ್ತಾನೆ. ಅಜ್ಜ ಡಬ್ಬಿ ತೆಗೆದು ಪುಟ ಹುಡುಕಿ ಹೇಳುತ್ತಾನೆ. ಆ ಹತ್ತು ನಿಮಿಷ ಅವನ ಬೆನ್ನು ನೆಟ್ಟಗಿರುತ್ತದೆ.

ಈಚೆಗೆ ಎರಡು ತೊಂದರೆಯಾಗಿತ್ತು. ಅಜ್ಜನಿಗೆ ಮರೆವು ಶುರುವಾಗಿತ್ತು. ಡಬ್ಬಿಯ ಹಳೆಯ ವ್ಯವಸ್ಥೆಗೂ ವಯಸ್ಸಾಗಿ ಒಂದು ಪುಟ ತೆರೆಯಲು ನಾಲ್ಕೈದು ನಿಮಿಷ ಹಿಡಿಯುತ್ತಿತ್ತು. ಪುಟ ತೆರೆಯುವಷ್ಟರಲ್ಲಿ ಯಾವ ಪುಟ ಬೇಕಿತ್ತು ಎನ್ನುವುದು ಅವನಿಗೆ ಮರೆತಿರುತ್ತಿತ್ತು. ಹೊಸಬ ಕಾಯುತ್ತ ನಿಂತಿರುತ್ತಿದ್ದ, ಅಜ್ಜ ಪರದೆಯನ್ನು ದಿಟ್ಟಿಸುತ್ತಿದ್ದ, ಇಬ್ಬರೂ ಮರ್ಯಾದೆಗೆ ಬೇರೆ ಮಾತು ಎತ್ತುತ್ತಿದ್ದರು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಅದಕ್ಕೇ ಹಳೆಯ ವ್ಯವಸ್ಥೆಯ ಬದಲು ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಹಾಕಲು ಹೊರಟೆ. ಅದರಲ್ಲಿ ನೂರಾರು ಬಗೆಗಳಿವೆ. ಹೀಗೆ ಮೂಲೆಗೆ ಬಿದ್ದ ಅಂಗೈ ಕಂಪ್ಯೂಟರುಗಳಿಗೆಂದೇ ಯಾರೋ ಕೂತು ಕಟ್ಟಿದ ಒಂದು ಹಗುರವಾದ ಬಗೆ ಸಿಕ್ಕಿತು. ಅದನ್ನು ಮೆಮೊರಿ ಕಾರ್ಡಿನಲ್ಲಿ ಇಟ್ಟು ಅಲ್ಲಿಂದಲೇ ನಡೆಸಬಹುದು. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಮ್ಮನ ಕಾಲು ಮುರಿದು ಎರಡು ತಿಂಗಳು ಮನೆಯಲ್ಲಿ ನಿಂತೆ, ಮತ್ತೆ ಹೋಗಲಿಲ್ಲ. ಎದ್ದು ನಿಂತು ಉತ್ತರ ಹೇಳಬೇಕಾದ ಜಾಗಕ್ಕೆ ವಾಪಸ್ ಹೋಗದಿರಲು ಕಾರಣ ಸಿಕ್ಕಿತಲ್ಲ ಎಂದು ಒಳಗೊಳಗೇ ಸಮಾಧಾನವೇ ಆಗಿತ್ತು. ಇಂಗ್ಲಿಷಿನ ಸೂಚನೆಗಳನ್ನು ಒಂದೊಂದೇ ಸಾಲು ಓದಿ, ತಿಳಿಯದ್ದನ್ನು ಹುಡುಕಿ, ನನ್ನ ಮಾತಿನಲ್ಲಿ ನೋಟ್‌ಬುಕ್ಕಿಗೆ ಬರೆದುಕೊಂಡೆ. ಹತ್ತು ದಿನ ಹಿಡಿಯಿತು. ಮೊದಲನೆಯ ಹೆಜ್ಜೆ: ಬೇಕಾದದ್ದನ್ನೆಲ್ಲ ಇನ್ನೊಂದು ಕಾರ್ಡಿಗೆ ಇಳಿಸಿಕೊಳ್ಳಿ. ಸರಿ ಎಂದು ಕಾರ್ಡ್ ತೂರಿಸಿದರೆ ಡಬ್ಬಿ ಅದನ್ನು ಗುರುತಿಸಲಿಲ್ಲ. ಸೀಳಿನೊಳಗೆ ಕಿಲುಬು ಕಟ್ಟಿತ್ತು. ಅದಕ್ಕೇ ಬಿಚ್ಚಿದೆ. ಬಿಚ್ಚುವ ಮುಂಚೆ ಬ್ಯಾಟರಿ ತೆಗೆದೆ.

ಸೋಮವಾರ ಅಂಗಡಿಯಲ್ಲಿ ಅಣ್ಣನಿಗೆ ಹೇಳಿದೆ. ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ನನ್ನನ್ನು ನೋಡಿದ.

"ಬ್ಯಾಟರಿ ತೆಗೆದ್ಯಾ?"

"ಹೂಂ."

"ಎಷ್ಟು ಹೊತ್ತು?"

"ಅರ್ಧ ಗಂಟೆ."

ಅಣ್ಣ ಡಬ್ಬಿಯನ್ನು ಕೈಯಲ್ಲಿ ಹಿಡಿದು ತೂಕ ನೋಡುವವನ ಹಾಗೆ ಎರಡು ಸಲ ಎತ್ತಿದ. "ಇದು ಫೋನ್ ಅಲ್ಲಮ್ಮ. ಫೋನ್‌ನಲ್ಲಿ ಬ್ಯಾಟರಿ ತೆಗೆದ್ರೂ ಫೋಟೋ, ನಂಬರ್ ಎಲ್ಲ ಹಾಗೇ ಇರುತ್ತೆ. ಈ ಕಾಲದ್ದಕ್ಕೆ ಕರೆಂಟ್ ಇರೋವರೆಗೆ ನೆನಪು. ಒಳಗೆ ಒಂದು ಪುಟಾಣಿ ಬ್ಯಾಟರಿ ಬೇರೆ ಇರುತ್ತೆ, ದೊಡ್ಡದನ್ನ ಬದಲಾಯಿಸೋ ಅಷ್ಟು ಹೊತ್ತು ಕಾಯೋಕೆ. ಅದು ಯಾವತ್ತೋ ಸತ್ತಿರುತ್ತೆ."

ಅಜ್ಜ ದಿನಾ ಸಂಜೆ ತಪ್ಪದೆ ಡಬ್ಬಿಯನ್ನು ಚಾರ್ಜಿಗೆ ಹಾಕುತ್ತಿದ್ದದ್ದು ನೆನಪಾಯಿತು. ಊಟ ಬಿಟ್ಟರೂ ಅದನ್ನು ಬಿಟ್ಟವನಲ್ಲ. ನಾವೆಲ್ಲ ಅದನ್ನು ಮುದುಕರ ಚಟ ಎಂದುಕೊಂಡಿದ್ದೆವು.

"ಸೂಚನೆಯಲ್ಲಿ ಇದನ್ನ ಬರೆದೇ ಇರಲಿಲ್ಲ ಅಣ್ಣ," ಎಂದೆ.

"ಬರೆದೋರಿಗೆ ಗೊತ್ತಿದ್ದದ್ದೇ ಅಲ್ವಾ. ಇದನ್ನೂ ಹೇಳ್ಬೇಕು ಅಂತ ಅವರಿಗೆ ಅನ್ಸಿರಲ್ಲ." ಡಬ್ಬಿಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ, "ನಾನೇ ತಾನೇ ಕಲಿಸಿದ್ದು," ಎಂದ. ಆಮೇಲೆ ಅಂಗಡಿಯವನ ದನಿಗೆ ವಾಪಸ್ ಬಂದ. "ಹಳೇದು, ತಾನಾಗೇ ಸತ್ತೋಯ್ತು ಅಂದ್ಬಿಡು. ಗಿರಾಕಿಗಳಿಗೆ ಹೇಳಲ್ವಾ ನಾವು."

ಅಮ್ಮನಿಗೂ ಹೇಳಿದೆ. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಚುವ ಕೆಲಸ ಮುಗಿಸಿ ಬಂದು, ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟು ಕೂತಿದ್ದಳು.

"ಅಪ್ಪಂಗೆ ಹೇಳೋಕೆ ಹೋಗ್ಬೇಡ," ಎಂದಳು. "ಎಷ್ಟು ದಿನ ಕೇಳ್ತಾನೆ? ನಾಲ್ಕು ದಿನ. ಆಮೇಲೆ ಮರೀತಾನೆ. ಮೊನ್ನೆ ಪಕ್ಕದ ಮನೆಯೋರ ಚಪ್ಪಲಿ ಹಾಕ್ಕೊಂಡು ಬಂದು, ನನ್ನ ಚಪ್ಪಲಿ ಯಾಕೋ ಸಣ್ಣ ಆಗಿದೆ ಅಂತಿದ್ದ."

"ಡಬ್ಬಿ ಮರೆಯಲ್ಲ ಅಮ್ಮ."

"ಮರೀತಾನೆ ಕಣೇ. ಅದೂ ಒಂದು ಅನುಕೂಲ ಅಂದ್ಕೋ."

ಅಮ್ಮ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ದಿನಾ ಅಜ್ಜನ ಅಂಗಿಯ ಗುಂಡಿ ಸರಿಯಾಗಿ ಹಾಕಿ ಕಳಿಸುವವಳು ಅವಳೇ. ಆದರೆ ಆ ಮಾತು ನನ್ನ ಬೆನ್ನು ಬಿಡಲಿಲ್ಲ. ಅವನ ಮರೆವಿನೊಳಗೆ ನನ್ನ ತಪ್ಪನ್ನು ಬಚ್ಚಿಡುವುದೆಂದರೆ, ಅವನ ಜೇಬಿನಿಂದ ಕದ್ದದ್ದನ್ನು ಅವನದೇ ಇನ್ನೊಂದು ಜೇಬಿನಲ್ಲಿ ಅಡಗಿಸಿಟ್ಟ ಹಾಗೆ. ಹುಡುಕಲು ಅವನಿಗೆ ತೋಚುವುದಿಲ್ಲ ಎಂಬ ಧೈರ್ಯ. ಹಾಗೆಂದುಕೊಂಡರೂ ಬಾಯಿ ತೆರೆಯಲಿಲ್ಲ. ಮಂಗಳವಾರ ಬೆಳಿಗ್ಗೆ ಅವನು "ಡಬ್ಬಿ ಆಯ್ತಾ?" ಎಂದಾಗ, "ಇನ್ನೂ ಸ್ವಲ್ಪ ಇದೆ ಅಜ್ಜ," ಎಂದೆ. ಅವನು ಹೌದೌದು ಎಂದು ತಲೆಯಾಡಿಸಿದ, ಕೆಲಸ ಗೊತ್ತಿರುವವರು ಅವಸರ ಮಾಡುವುದಿಲ್ಲ ಎನ್ನುವ ಹಾಗೆ.

ಅಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಣ್ಣ, "ಇನ್ನು ಕಳ್ಕೊಳ್ಳೋಕೆ ಏನೂ ಇಲ್ವಲ್ಲ, ಹಾಕೇ ನೋಡು," ಎಂದ. ಕಾರ್ಡನ್ನು ಎರಡು ಪಾಲು ಮಾಡಿದೆ. ಚಿಕ್ಕ ಪಾಲಿನಲ್ಲಿ ಹಳೆಯ ವ್ಯವಸ್ಥೆಗೆ ಓದಲು ಬರುವಂತೆ ಶುರು ಮಾಡಿಸುವ ಪುಟ್ಟ ಪ್ರೋಗ್ರಾಂ, ದೊಡ್ಡ ಪಾಲಿನಲ್ಲಿ ಲಿನಕ್ಸ್. ಡಬ್ಬಿಗೆ ತೂರಿಸಿ ಪ್ರೋಗ್ರಾಂ ತಟ್ಟಿದರೆ ಪರದೆ ಕಪ್ಪಾಗಿ ಹಾಗೇ ನಿಂತಿತು. ಎರಡನೆಯ ಸಲವೂ ಅಷ್ಟೇ. ನೋಡಿದರೆ ನಾನು ಇಳಿಸಿಕೊಂಡದ್ದು ಇದೇ ಡಬ್ಬಿಯ ತಮ್ಮನಿಗೆ, ಆಮೇಲೆ ಬಂದ ಮಾದರಿಗೆ, ಮಾಡಿದ್ದು. ಸರಿಯಾದದ್ದನ್ನು ಇಳಿಸಿ ಮತ್ತೆ ತಟ್ಟಿದೆ. ಈ ಸಲ ಮೇಲಿನ ಮೂಲೆಯಲ್ಲಿ ಉಗುರಿನಷ್ಟು ದೊಡ್ಡ ಚಿತ್ರ ಕಾಣಿಸಿತು. ಅದರ ಕೆಳಗೆ ಬಿಳಿ ಸಾಲುಗಳು ಇರುವೆಗಳ ಹಾಗೆ ಓಡತೊಡಗಿದವು.

"ಏನದು?" ಎಂದ ಅಣ್ಣ.

"ಪೆಂಗ್ವಿನ್. ಲಿನಕ್ಸ್‌ನ ಗುರುತು."

"ಹೊಟ್ಟೆ ಕೆಡಿಸ್ಕೊಂಡು ಕೂತ ಬಾತುಕೋಳಿ ಥರ ಇದೆ."

ಒಂದೂವರೆ ನಿಮಿಷಕ್ಕೆ ಸಾಲುಗಳು ನಿಂತು ಸ್ವಚ್ಛವಾದ ಪರದೆ ಬಂತು. ಕೈಯಿಂದ ಬರೆಯುವ ಪುಟ ತೆರೆದು "ನೀರು" ಎಂದು ಬರೆದೆ. ಕಾರ್ಡಿಗೆ ಸೇರಿಸಿದೆ. ಆಮೇಲೆ ಡಬ್ಬಿ ಆರಿಸಿ ಬ್ಯಾಟರಿ ತೆಗೆದೆ. ಹತ್ತು ನಿಮಿಷ ಬಿಟ್ಟು ಹಾಕಿ, ಮೂಲೆಯ ಗುರುತುಗಳನ್ನೆಲ್ಲ ಒತ್ತಿ, ಲಿನಕ್ಸ್ ಶುರು ಮಾಡಿ ನೋಡಿದೆ. ಬರೆದದ್ದು ಇತ್ತು. ಕಾರ್ಡಿಗೆ ಕರೆಂಟಿನ ಹಂಗಿಲ್ಲ. ಮತ್ತೆ ತೆಗೆದೆ, ಮತ್ತೆ ಹಾಕಿದೆ. ಐದನೆಯ ಸಲಕ್ಕೆ ಅಣ್ಣ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ನನ್ನ ಚೀಲಕ್ಕೆ ಹಾಕಿ, "ಸಾಕು, ಮನೆಗೆ ಹೋಗು," ಎಂದ.

ಬುಧವಾರ ಬೆಳಿಗ್ಗೆ ಹೊಸಬ ಬಂದ. ಹೆಗಲ ಮೇಲೆ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀ, ಕೈಯಲ್ಲಿ ಹಾರೆ. ಎರಡನ್ನೂ ಹೊರಗಿನ ಗೋಡೆಗೆ ಒರಗಿಸಿ ಹೊಸ್ತಿಲಲ್ಲೇ ಕೂತ.

"ಯಜಮಾನ್ರೇ, ಕೆಳಗಿನ ಬೀದಿಲಿ ಇವತ್ತು ಹೊಸ ಪೈಪ್ ಸೇರಿಸ್ತಾರೆ. ನಾಲ್ಕು ವಾಲ್ವ್ ಮುಚ್ಬೇಕು. ಒಂದು ಸಿಕ್ಕಿದೆ. ಮಿಕ್ಕಿದ್ದು ಸಿಗದಿದ್ರೆ ಬೀದಿ ಉದ್ದಕ್ಕೂ ಅಗೀತಾರಂತೆ."

"ಅಗೀತಾರಂತಾ?" ಅಜ್ಜನ ಬೆನ್ನು ನೆಟ್ಟಗಾಯಿತು. "ಒಂಬತ್ತು ವರ್ಷದಲ್ಲಿ ಒಂದು ಕಲಿತ್ಯಲ್ಲಯ್ಯ, ಮೇಲು."

"ನೀವಿರೋವಾಗ ನಾನ್ಯಾಕೆ ಕಲೀಲಿ." ಹೊಸಬ ನನ್ನ ಕಡೆ ತಿರುಗಿದ. "ಏನಮ್ಮ, ನಿಮ್ಮಜ್ಜ ಇಷ್ಟು ಮಾತಾಡ್ತಾರೆ, ನೀನು ಹನಿ ಲೆಕ್ಕದಲ್ಲಿ ಆಡ್ತೀಯಲ್ಲ."

"ಅವಳ ವಾಲ್ವ್ ಬಿಗಿ," ಎಂದ ಅಜ್ಜ. "ಜೋರು ಮಾಡ್ಬಾರ್ದು. ಎಲ್ಲಿ, ಡಬ್ಬಿ ತಗೊಂಡ್ ಬಾ."

ಡಬ್ಬಿ ನನ್ನ ಚೀಲದಲ್ಲೇ ಇತ್ತು. ತಂದು ಅವನ ಕೈಗೆ ಕೊಟ್ಟೆ. ಕೊಟ್ಟ ಮೇಲೂ ಕೈ ಬಿಡಲಿಲ್ಲ. ಇಬ್ಬರೂ ಅದನ್ನು ಹಿಡಿದು ನಿಂತಿದ್ದೆವು.

"ಅಜ್ಜ, ಅದ್ರಲ್ಲಿ ಏನೂ ಇಲ್ಲ. ಬ್ಯಾಟರಿ ತೆಗೆದೆ. ಎಲ್ಲ ಹೋಯ್ತು."

ಅವನಿಗೆ ತಕ್ಷಣ ತಿಳಿಯಲಿಲ್ಲ. "ವಾಲ್ವ್‌ಗಳು?"

"ಎಲ್ಲ."

"ಕೈಬರಹಾನೂ?"

ತಲೆಯಾಡಿಸಿದೆ. ಹೊಸಬ ಹೊರಗೆ ನೋಡುತ್ತಿದ್ದ. ಅಜ್ಜ ಡಬ್ಬಿಯನ್ನು ತಿರುಗಿಸಿ ಹಿಂಬದಿ ನೋಡಿದ, ಮತ್ತೆ ಮುಂದೆ ತಿರುಗಿಸಿದ.

"ಅದನ್ನ ಬರೆಯೋಕೆ ಹನ್ನೆರಡು ವರ್ಷ ಹಿಡೀತು," ಎಂದ. ಬಯ್ಯುವ ದನಿಯಲ್ಲ. ಯಾರೋ ಕೇಳಿದ್ದಕ್ಕೆ ಉತ್ತರ ಹೇಳಿದ ಹಾಗಿತ್ತು.

"ಯಜಮಾನ್ರೇ, ನಾನು ಆಮೇಲೆ ಬರ್ತೀನಿ," ಎಂದು ಹೊಸಬ ಏಳಹೋದ.

"ಕೂತ್ಕೋ." ಅಜ್ಜ ಡಬ್ಬಿಯನ್ನು ನನಗೆ ವಾಪಸ್ ಕೊಟ್ಟ. "ನನ್ನ ಚಪ್ಪಲಿ ಎಲ್ಲಿ?"

ಮೂವರೂ ಕೆಳಗಿನ ಬೀದಿಗೆ ನಡೆದೆವು. ಬೀದಿಯ ಬಾಯಲ್ಲಿ ಅಜ್ಜ ನಿಂತ. ಬೇಲಿ ದಾಟುವ ಮುಂಚೆ ನಿಲ್ಲುವವರ ಹಾಗೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದ. ಆಮೇಲೆ ಹೊರಟ. ಬಲಕ್ಕೂ ನೋಡಲಿಲ್ಲ, ಎಡಕ್ಕೂ ನೋಡಲಿಲ್ಲ. ಸೈಕಲ್ ನಿಲ್ಲಿಸಿದ್ದ ಜಾಗದ ಪಕ್ಕ ನಿಂತು ಚಪ್ಪಲಿಯ ಹಿಮ್ಮಡಿಯಿಂದ ನೆಲ ತಟ್ಟಿದ. ಹೊಸಬ ಹಾರೆಯಿಂದ ಡಾಂಬರು ಕೆದಕಿದ. ಎರಡು ಬೆರಳಿನಷ್ಟು ಕೆಳಗೆ ಕಬ್ಬಿಣ ಠಣ್ ಎಂದಿತು.

"ಎಷ್ಟು ಹೆಜ್ಜೆ ಆಯ್ತು ಅಜ್ಜ?" ಎಂದೆ.

"ನಾನೆಲ್ಲಿ ಎಣಿಸಿದೆ."

ಹೊಸಬ ಕೀ ಇಳಿಸಿ ತಿರುಗಿಸಿದ. ಅಜ್ಜ ಕೀಯ ಮೇಲ್ತುದಿಗೆ ಕಿವಿಯಿಟ್ಟು ಕೇಳುತ್ತಿದ್ದ. "ಇನ್ನೊಂದು ಸುತ್ತು. ಇನ್ನರ್ಧ. ಸಾಕು, ನೀರು ನಿಂತಿತು." ಉಳಿದ ಎರಡು ವಾಲ್ವೂ ಹಾಗೇ ಸಿಕ್ಕವು. ನಾನು ಮತ್ತೆ ಬೀದಿಯ ಬಾಯಿಗೆ ಓಡಿಹೋಗಿ, ಅವನು ನಡೆದ ದಾರಿಯಲ್ಲೇ ನಡೆದು ಎಣಿಸಿ ಡಬ್ಬಿಯಲ್ಲಿ ಬರೆದುಕೊಂಡೆ. ಹೊಸ ಪುಟಗಳ ಮೊದಲ ಮೂರು ವಾಲ್ವ್ ಅವು.

ಕಳೆದುಹೋದದ್ದರ ಬಗ್ಗೆ ಅಜ್ಜ ಮತ್ತೆ ಯಾವತ್ತೂ ಮಾತೆತ್ತಲಿಲ್ಲ. ಕ್ಷಮಿಸಿದನೋ ಮರೆತನೋ ನನಗೆ ಗೊತ್ತಾಗಲಿಲ್ಲ. ಕೇಳಿದರೆ ನೆನಪು ಮಾಡಿಸಿದ ಹಾಗಾಗುತ್ತದೆ ಎಂದು ಸುಮ್ಮನಾದೆ. ಅದು ನೆಪವೂ ಇರಬಹುದು.

ಮನೆಯಲ್ಲಿ ಕೂತು ಬರೆಸಿಕೊಳ್ಳಲು ನೋಡಿದೆ. ಆಗಲಿಲ್ಲ. "ಗಡಿಯಾರದ ಅಂಗಡಿಯಿಂದ ಎಷ್ಟು ಹೆಜ್ಜೆ?" ಎಂದರೆ, "ಯಾವ ಅಂಗಡಿ?" ಎನ್ನುತ್ತಿದ್ದ. ಅದೇ ಮೂಲೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದರೆ ಅವನ ಕಾಲು ತಾನಾಗೇ ಹೊರಡುತ್ತಿತ್ತು. ಅಂದರೆ ಒಂದೊಂದನ್ನೂ ನಡೆದೇ ತೆಗೆಯಬೇಕು. ಅವನ ತಲೆಯಿಂದ ಹೋದದ್ದು ಕಾಲಿನಿಂದ ಹೋಗುವ ಮುಂಚೆ ಮುನ್ನೂರ ಹನ್ನೊಂದನ್ನೂ ನಡೆಯಬೇಕು.

ದಿನಾ ಬೆಳಿಗ್ಗೆ ಏಳಕ್ಕೆ ಹೊರಡುತ್ತಿದ್ದೆವು. ಹೊಸಬ ಕಚೇರಿಯಲ್ಲಿ ಏನು ಹೇಳಿದನೋ, ಅವನೂ ಬರುತ್ತಿದ್ದ. ಅಜ್ಜ ಮುಂದೆ, ಅವನ ಹಿಂದೆ ಎಣಿಸುತ್ತ ನಾನು, ನನ್ನ ಹಿಂದೆ ಕಬ್ಬಿಣ ಹೊತ್ತುಕೊಂಡು ಹೊಸಬ. "ಯಾರಾದ್ರೂ ನೋಡಿದ್ರೆ ಮೂರು ಜನ ಹಳ್ಳ ತೋಡಿ ನಿಧಿ ಹುಡುಕ್ತಿದ್ದಾರೆ ಅನ್ಕೋತಾರೆ," ಎನ್ನುತ್ತಿದ್ದ. ಅಜ್ಜ, "ಮಾತಾಡ್ಬೇಡಯ್ಯ, ಕಾಲು ತಪ್ಪುತ್ತೆ," ಎಂದು ಗದರುತ್ತಿದ್ದ.

ಗಡಿಯಾರದ ಅಂಗಡಿಯ ವಾಲ್ವ್ ತೆಗೆದ ದಿನ ನನಗೆ ಒಂದು ವಿಷಯ ಹೊಳೆಯಿತು. ಹಳೆಯ ಪುಟದಲ್ಲಿ ಹದಿನಾಲ್ಕು ಹೆಜ್ಜೆ ಎಂದಿತ್ತು. ಈಗ ಅಜ್ಜ ಹತ್ತೊಂಬತ್ತು ಹೆಜ್ಜೆ ಇಟ್ಟ. ವಾಲ್ವ್ ಅಲ್ಲೇ ಇತ್ತು, ಅವನ ಹೆಜ್ಜೆ ಚಿಕ್ಕದಾಗಿತ್ತು. ಡಬ್ಬಿಯಲ್ಲಿದ್ದ ಹದಿನಾಲ್ಕು ಬೇರೆ ಯಾರದೋ ಕಾಲಿನ ಲೆಕ್ಕ, ಗಟ್ಟಿಮುಟ್ಟಾದ ಐವತ್ತು ವರ್ಷದ ಮನುಷ್ಯನದು. ಅದನ್ನು ನೆಚ್ಚಿ ಹೊಸಬ ಅಗೆದಿದ್ದರೆ ಎಲ್ಲಿ ಅಗೆಯುತ್ತಿದ್ದನೋ. ಇದರಿಂದ ನನ್ನ ತಪ್ಪೇನೂ ಕಡಿಮೆಯಾಗಲಿಲ್ಲ. ಆ ಐವತ್ತು ವರ್ಷದವನನ್ನು ನಾನು ನೋಡಿರಲಿಲ್ಲ, ಅವನ ಕೈಬರಹ ಒಂದೇ ಉಳಿದಿತ್ತು, ಅದನ್ನೂ ಅಳಿಸಿದ್ದೆ. ಆದರೆ ಅಂದಿನಿಂದ ಹೊಸಬನಿಗೆ ಅಳತೆ ಟೇಪ್ ತರಲು ಹೇಳಿದೆ. ಹೆಜ್ಜೆಯ ಪಕ್ಕ ಮೀಟರಿನಲ್ಲೂ ಬರೆದೆ. ನನ್ನ ಅಕ್ಷರ ಶಾಲೆಯ ಮಕ್ಕಳದ್ದರ ಹಾಗೆ ದುಂಡಗಿದೆ. ಅಜ್ಜ ಒಮ್ಮೆ ಪರದೆ ನೋಡಿ, "ಯಾರು ಬರೆದದ್ದು? ಚೆನ್ನಾಗಿದೆ," ಎಂದ.

ಎರಡು ತಿಂಗಳಿಗೆ ನೂರ ನಲವತ್ತಾಯಿತು. ದಿನಕ್ಕೆ ನಾಲ್ಕು ಸಿಗುತ್ತಿದ್ದದ್ದು ಮೂರಾಯಿತು, ಆಮೇಲೆ ಎರಡು. ಮೂಲೆಯಲ್ಲಿ ಅವನು ನಿಲ್ಲುವ ಹೊತ್ತು ಉದ್ದವಾಗುತ್ತ ಬಂತು. ನಾನು ಪುಟ ತೆರೆದು, ಮೇಲೆ ನಂಬರ್ ಬರೆದು, ಕಡ್ಡಿ ಹಿಡಿದು ಕಾಯುತ್ತಿದ್ದೆ. ಡಬ್ಬಿ ಈಗ ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಳ್ಳುತ್ತಿತ್ತು. ಕಾಯುವುದೆಲ್ಲ ಅದರ ಹೊರಗೇ.

ನೂರ ಎಂಬತ್ತೇಳನೆಯದಕ್ಕೆ ಮೂರು ರಸ್ತೆ ಸೇರುವ ಜಾಗಕ್ಕೆ ಹೋದೆವು. ಔಷಧಿ ಅಂಗಡಿಯ ಷಟರ್ ಅರ್ಧ ಎತ್ತಿತ್ತು, ಒಳಗಿನಿಂದ ಯಾರೋ ನೀರು ಹಾಕಿ ನೆಲ ಗುಡಿಸುತ್ತಿದ್ದರು. ಅಜ್ಜ ದೀಪದ ಕಂಬದ ಬುಡದಲ್ಲಿ ನಿಂತು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದ. ಮತ್ತೆ ಮೊದಲನೆಯ ಕಾಲಿಗೆ. ಎರಡು ಬಸ್ಸು ಹೋದವು. ಹೊಸಬ ಕೀಯನ್ನು ಹೆಗಲಿಂದ ಇಳಿಸಿದ, ಆಮೇಲೆ ಹಾರೆಯನ್ನೂ ಸದ್ದಾಗದ ಹಾಗೆ ನೆಲದ ಮೇಲೆ ಮಲಗಿಸಿದ.

"ಯಜಮಾನ್ರೇ, ಬಿಸಿಲು ಏರ್ತಿದೆ," ಎಂದ.

ಅಜ್ಜ ನಮ್ಮಿಬ್ಬರನ್ನೂ ನೋಡಿದ. ಆಮೇಲೆ ವಿನಯದಿಂದ, ಕೆಲಸದಲ್ಲಿದ್ದಾಗ ಬಾಗಿಲು ತಟ್ಟಿ ಕೇಳುತ್ತಿದ್ದ ಹಾಗೆ, "ನಿಮ್ಮನೇಲಿ ನೀರು ಬರ್ತಿಲ್ವಾ?" ಎಂದು ಕೇಳಿದ.

ಹೊಸಬ ಮುಖ ತಿರುಗಿಸಿದ. ನಾನು ಹತ್ತಿರ ಹೋಗಿ ಅಜ್ಜನ ತೋಳು ಹಿಡಿದು, ಅವನನ್ನು ಮೂರೂ ರಸ್ತೆಗಳಿಗೆ ಎದುರಾಗಿ ನಿಲ್ಲಿಸಿದೆ. ಅವನು ತನ್ನ ಪಾದಗಳನ್ನು ನೋಡುತ್ತ ನಿಂತ. ನಾನು ಕೈ ಬಿಟ್ಟು, ಎಂದಿನ ಹಾಗೆ ಒಂದು ಹೆಜ್ಜೆ ಹಿಂದೆ ಸರಿದೆ.

"ಅಜ್ಜ, ನಡಿ," ಎಂದೆ.

ಬೀದಿಯಲ್ಲಿ ನಾನು ಯಾವತ್ತೂ ದನಿ ಎತ್ತಿದವಳಲ್ಲ. ಈ ಸಲ ಔಷಧಿ ಅಂಗಡಿಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ.

"ಅಜ್ಜ, ಯಾವ ಕಡೆಗಾದ್ರೂ ಸರಿ, ಒಂದು ಹೆಜ್ಜೆ ಇಡು."